ಲೇಆಫ್ ಎಂಬ ನಯವಾದ ಕ್ರಿಯೆ

ಟಿಸಿಎಸ್ ಕಂಪನಿಯು 2025ರ ಜುಲೈನಲ್ಲಿ ತನ್ನ ಸಿಬ್ಬಂದಿಯಲ್ಲಿ ಶೇಕಡಾ 2ರಷ್ಟು, ಅಂದರೆ 12,000ಕ್ಕೂ ಮೀರಿದ ಜನರನ್ನು ‘ಬಿಡುಗಡೆ’ ಮಾಡುವುದಾಗಿ ಪ್ರಕಟಿಸಿತಷ್ಟೆ. ಅಲ್ಲಿಯವರೆಗೆ ಅವರೆಲ್ಲ ಯಾವ ಸೆರೆಯಲ್ಲಿದ್ದರೆಂದು ಯಾರೂ ಕೇಳಲಿಲ್ಲ. ಬೆಂಗಳೂರಿನವರು ಮಾತ್ರ ಅದನ್ನು ‘ಲೇಆಫ್’, ಅಂದರೆ ಕೆಲಸದಿಂದ ತೆಗೆಯುವುದು, ಎಂದೇ ಓದಿಕೊಂಡು, ಮುಂದಿನ ಸರದಿ ಯಾರದೆಂದು ಲೆಕ್ಕ ಹಾಕತೊಡಗಿದರು.

ಇಂಗ್ಲಿಷಿನ ಈ ‘ಲೇ ಆಫ್’ ಬಹಳ ಸಾಧು ಸ್ವಭಾವದ ಕ್ರಿಯಾಪದ. ಸಕ್ಕರೆ ಕಾಯಿಲೆಯವನಿಗೆ ವೈದ್ಯರು ಮೈಸೂರು ಪಾಕನ್ನು ಲೇ ಆಫ್ ಮಾಡೆಂದರೆ, ಅದರ ಸಹವಾಸ ಬಿಡು ಎಂದರ್ಥ. ಫುಟ್‌ಬಾಲ್ ಆಟಗಾರನು ಚೆಂಡನ್ನು ಲೇ ಆಫ್ ಮಾಡಿದರೆ, ಪಕ್ಕದ ಜೊತೆಗಾರನಿಗೆ ಅದನ್ನು ಮೆಲ್ಲಗೆ ದಾಟಿಸಿದನೆಂದರ್ಥ. ಬಣ್ಣ ಬಳಿಯುವವನು ಕೊನೆಯಲ್ಲಿ ಕುಂಚದ ತುದಿಯಿಂದ, ಬಳಿದ ಗೆರೆಗಳು ಒಂದೂ ಕಾಣದಂತೆ ಹಗುರವಾಗಿ ಸವರುವುದಕ್ಕೂ ಇದೇ ಹೆಸರು. ನಮ್ಮ ಎಚ್‌ಆರ್ ವಿಭಾಗದವರು ಈ ವಿದ್ಯೆಯನ್ನು ಅವನಿಂದಲೇ ಕಲಿತಿರಬೇಕು. ಇನ್ನು ‘ಲೇ ಆಫ್!’ ಎಂದು ಗದರಿದರೆ, ನನ್ನ ತಂಟೆಗೆ ಬರಬೇಡ ಎಂದಾಗುತ್ತದೆ. ಆದರೆ ರಾತ್ರಿ ಹನ್ನೊಂದಕ್ಕೆ ಕರೆ ಮಾಡುವ ಮ್ಯಾನೇಜರ್‌ಗೆ ಈ ಅರ್ಥದಲ್ಲಿ ಅದನ್ನು ಹೇಳಿದವನಿಗೆ, ಮರುದಿನವೇ ಇನ್ನೊಂದು ಅರ್ಥದಲ್ಲಿ ಅದು ತಿರುಗಿ ಬರುತ್ತದೆ.

ಕನ್ನಡಿಗರಾದ ನಾವೂ ಕೈಲಾದ ಸೇವೆ ಸಲ್ಲಿಸಿದ್ದೇವೆ. ಮಳೆಯಾಯಿತು, ಸಂಜೆಯಾಯಿತು ಎಂಬಂತೆ ‘ಅವನಿಗೆ ಲೇಆಫ್ ಆಯಿತಂತೆ’ ಎನ್ನುತ್ತೇವೆ. ಮಾಡಿದವರು ಯಾರೂ ಇಲ್ಲ, ಅದು ತಾನಾಗಿ ಆಯಿತು. ಕಂಪನಿಯ ಇಂಗ್ಲಿಷು ಮುಚ್ಚಲು ಮರೆತ ಕರ್ತೃವನ್ನು ನಮ್ಮ ಕನ್ನಡವೇ ಮುಚ್ಚಿಕೊಟ್ಟಿತು.

ನಗು ಬರುವುದು ಕಾನೂನು ಪುಸ್ತಕ ತೆರೆದಾಗ. 2025ರ ನವೆಂಬರ್‌ವರೆಗೆ ಜಾರಿಯಲ್ಲಿದ್ದ 1947ರ ಕೈಗಾರಿಕಾ ವಿವಾದ ಕಾಯ್ದೆಯ ಪ್ರಕಾರ, ಕಲ್ಲಿದ್ದಲು, ವಿದ್ಯುತ್ತು ಅಥವಾ ಕಚ್ಚಾ ಸಾಮಗ್ರಿ ಸಾಲದೆ, ಸರಕು ರಾಶಿ ಬಿದ್ದು, ಯಂತ್ರ ಕೆಟ್ಟು, ಇಲ್ಲವೇ ಪ್ರಕೃತಿ ವಿಕೋಪ ಸಂಭವಿಸಿ, ಹಾಜರಿ ಪುಸ್ತಕದಲ್ಲಿ ಹೆಸರಿರುವ ಕಾರ್ಮಿಕನಿಗೆ ಮಾಲೀಕನು ಕೆಲಸ ಕೊಡಲಾಗದ ಸ್ಥಿತಿಯೇ ಲೇಆಫ್. ಹೆಸರು ಪುಸ್ತಕದಲ್ಲಿಯೇ ಉಳಿಯುತ್ತಿತ್ತು. ಅರ್ಹನಾದವನಿಗೆ ಮೂಲ ವೇತನ ಮತ್ತು ತುಟ್ಟಿಭತ್ಯೆಯ ಅರ್ಧದಷ್ಟು ಪರಿಹಾರ ಸಿಗುತ್ತಿತ್ತು. ಹೊರವರ್ತುಲ ರಸ್ತೆಯ ಗಾಜಿನ ಕಟ್ಟಡಗಳಲ್ಲಿ ಯಾವ ಕಲ್ಲಿದ್ದಲು ಮುಗಿಯಿತೋ, ಯಾವ ಗೋದಾಮಿನಲ್ಲಿ ಸಾಫ್ಟ್‌ವೇರ್ ಮೂಟೆಗಳು ರಾಶಿ ಬಿದ್ದಿವೆಯೋ ತಿಳಿಯದು. ಶಾಶ್ವತವಾಗಿ ತೆಗೆಯುವುದಕ್ಕೆ ಅದೇ ಕಾಯ್ದೆಯಲ್ಲಿ ‘ರಿಟ್ರೆಂಚ್‌ಮೆಂಟ್’ ಎಂಬ ಬೇರೆ ಹೆಸರಿತ್ತು. ಅದರ ಬೆನ್ನಿಗೆ ಒಂದು ತಿಂಗಳ ನೋಟಿಸು, ಪ್ರತಿ ವರ್ಷದ ಸೇವೆಗೆ 15 ದಿನಗಳ ಸಂಬಳ, ಕೊನೆಗೆ ಸೇರಿದವನೇ ಮೊದಲು ಹೊರಡಬೇಕೆಂಬ ನಿಯಮ, ಇವೆಲ್ಲ ಅಂಟಿಕೊಂಡಿದ್ದವು. ಟಿಸಿಎಸ್‌ನಲ್ಲಿ ಹೊರಡಬೇಕಾದವರು ಹೆಚ್ಚಾಗಿ ಮಧ್ಯಮ ಮತ್ತು ಹಿರಿಯ ಹಂತದವರು. ಇಂಥವರು ಆ ಕಾಯ್ದೆಯ ಲೆಕ್ಕಕ್ಕೆ ‘ಕಾರ್ಮಿಕ’ರು ಹೌದೋ ಅಲ್ಲವೋ ಎಂಬ ವಾದವೇ ವರ್ಷಗಟ್ಟಲೆ ನಡೆಯಬಹುದಿತ್ತು. ಅಷ್ಟರಲ್ಲಿ ಗೃಹಸಾಲದ ಕಂತು ನಿಲ್ಲುವುದಿಲ್ಲ.

ಮೈಸೂರಿನಲ್ಲಂತೂ ಈ ನಯವಾದ ಪದದ ಅಗತ್ಯವೂ ಬೀಳಲಿಲ್ಲ. 2025ರ ಫೆಬ್ರವರಿಯಲ್ಲಿ ಇನ್ಫೋಸಿಸ್ ತನ್ನ 300ಕ್ಕೂ ಹೆಚ್ಚು ತರಬೇತಿ ನೌಕರರನ್ನು ಆಂತರಿಕ ಪರೀಕ್ಷೆಯಲ್ಲಿ ತೇರ್ಗಡೆಯಾಗಲಿಲ್ಲವೆಂದು ಮನೆಗೆ ಕಳುಹಿಸಿತು. ಅವರಲ್ಲಿ ಹಲವರು 2022ರಲ್ಲೇ ಪದವಿ ಮುಗಿಸಿ, ಆಫರ್ ಪತ್ರ ಹಿಡಿದುಕೊಂಡು, ಸೇರಿಸಿಕೊಳ್ಳುವ ದಿನಕ್ಕಾಗಿ 2024ರ ಅಕ್ಟೋಬರ್‌ವರೆಗೆ ಕಾದಿದ್ದವರು. ಎರಡು ವರ್ಷ ಕಾಯಿಸಿದ ಕಂಪನಿಯನ್ನು ಯಾವ ಪರೀಕ್ಷೆಗೂ ಕೂರಿಸಲಿಲ್ಲ. ನಮ್ಮ ಘನ ರಾಜ್ಯ ಸರ್ಕಾರವಾದರೋ ಐಟಿ ಉದ್ಯಮಕ್ಕೆ, ನೌಕರರ ಸೇವಾ ನಿಯಮಗಳನ್ನು ಲಿಖಿತವಾಗಿ ಗೊತ್ತುಪಡಿಸಬೇಕೆನ್ನುವ ಸ್ಥಾಯಿ ಆದೇಶಗಳ ಕಾಯ್ದೆಯಿಂದ 2014ರಲ್ಲಿ ವಿನಾಯಿತಿ ಕೊಟ್ಟು, ಅದನ್ನು 2019ರಲ್ಲಿ ಒಮ್ಮೆ, 2024ರಲ್ಲಿ ಮತ್ತೊಮ್ಮೆ ವಿಸ್ತರಿಸಿತು. ಯಾರನ್ನಾದರೂ ವಜಾ ಮಾಡಿದರೆ ಕಾರ್ಮಿಕ ಇಲಾಖೆಗೆ ತಿಳಿಸಬೇಕೆಂಬ ಷರತ್ತೇನೋ ಅದರಲ್ಲಿತ್ತು. ಆದ್ದರಿಂದಲೇ ಇಲ್ಲಿ ಯಾರನ್ನೂ ವಜಾ ಮಾಡುವುದಿಲ್ಲ. ಮೀಟಿಂಗ್ ಕೋಣೆಯಲ್ಲಿ ಕೂರಿಸಿ, ರಾಜೀನಾಮೆಯ ಬಟನ್ ಒತ್ತಲು ಹೇಳುತ್ತಾರೆ.

2023ರ ಜನವರಿಯಲ್ಲಿ 12,000 ಮಂದಿಯನ್ನು ತೆಗೆದ ಗೂಗಲ್‌ನ ಮುಖ್ಯಸ್ಥ ಸುಂದರ್ ಪಿಚೈ, ಈ ಸ್ಥಿತಿಗೆ ತಂದ ನಿರ್ಧಾರಗಳ ಪೂರ್ಣ ಹೊಣೆ ತಮ್ಮದೆಂದು ಬರೆದರು. ಹೊಣೆ ಹೊತ್ತವರು ಕುರ್ಚಿಯಲ್ಲೇ ಉಳಿದರು, ಹೊರದವರು ಹೊರಗೆ ಹೋದರು. ಇದನ್ನು ಗೇಲಿ ಮಾಡಿ ಮಾಡಿ ಸಾಕಾಗಿದೆ. ‘ನಿಮ್ಮನ್ನು ಕೆಲಸದಿಂದ ತೆಗೆದಿದ್ದೇನೆ’ ಎಂದು ನೇರವಾಗಿ ಬರೆದು, ಕೆಳಗೆ ತೆಗೆದವನು ತನ್ನ ಹೆಸರು ಹಾಕಿ ಸಹಿ ಮಾಡಲಿ.