ಶೇ 25ಕ್ಕೆ ‘ನಾಳೆ ಬಾ’

ನಮ್ಮ ತಯಾರಿಕಾ ವಲಯ ಸೊರಗಿದೆಯೆಂದು ಹಲುಬುವ ಅರ್ಥಶಾಸ್ತ್ರಜ್ಞರು ಒಂದು ಉದ್ದಿಮೆಯನ್ನು ಲೆಕ್ಕಕ್ಕೇ ಹಿಡಿಯುವುದಿಲ್ಲ. ಅದು ಗುರಿಗಳ ತಯಾರಿಕೆ. ಇದಕ್ಕೆ ಭೂಸ್ವಾಧೀನ ಬೇಡ, ವಿದ್ಯುತ್ ಕಡಿತದ ಭಯವಿಲ್ಲ; ಒಮ್ಮೆ ತಯಾರಾದ ಸರಕು ಸರ್ಕಾರಗಳು ಬದಲಾದರೂ ಸವೆಯುವುದಿಲ್ಲ.

2011ರಲ್ಲಿ ಮನಮೋಹನ ಸಿಂಗ್ ಅವರ ಸರ್ಕಾರ ರಾಷ್ಟ್ರೀಯ ತಯಾರಿಕಾ ನೀತಿಯನ್ನು ಪ್ರಕಟಿಸಿ, ಹತ್ತು ವರ್ಷಗಳಲ್ಲಿ ಜಿಡಿಪಿಯಲ್ಲಿ ತಯಾರಿಕೆಯ ಪಾಲನ್ನು ಶೇ 25ಕ್ಕೆ ಏರಿಸುವುದಾಗಿಯೂ 10 ಕೋಟಿ ಉದ್ಯೋಗ ಸೃಷ್ಟಿಸುವುದಾಗಿಯೂ ಹೇಳಿತು. 2014ರ ಸೆಪ್ಟೆಂಬರ್ 25ರಂದು ದೆಹಲಿಯ ವಿಜ್ಞಾನ ಭವನದಲ್ಲಿ ಪ್ರಧಾನಿ ನರೇಂದ್ರ ಮೋದಿಯವರು ‘ಮೇಕ್ ಇನ್ ಇಂಡಿಯಾ’ವನ್ನು ಉದ್ಘಾಟಿಸಿದ ಮೇಲೆ ಅದೇ ಶೇ 25, ಅದೇ 10 ಕೋಟಿ ಹೊಸ ಪೊಟ್ಟಣದಲ್ಲಿ ಹೊರಬಂದವು, ಗಡುವು 2022. ಅದು ಸಮೀಪಿಸುತ್ತಿದ್ದಂತೆ 2025 ಎಂಬ ಚೀಟಿ ಅಂಟಿತು. ಈಗ ನೀತಿ ಆಯೋಗದ ಮಾರ್ಗಸೂಚಿ 2035ನ್ನು ತೋರಿಸುತ್ತಿದೆ, ಅಂಕಿಗಳು ಮಾತ್ರ ಮತ್ತೆ ಅವೇ. ಬಿಸ್ಕತ್ತಿನ ಪೊಟ್ಟಣದ ಮೇಲೆ ಹೀಗೆ ದಿನಾಂಕ ತಿದ್ದುವ ಕಿರಾಣಿ ಅಂಗಡಿಯವನಿಗೆ ದಂಡ ಬೀಳುತ್ತದೆ. ಸರ್ಕಾರ ತಿದ್ದಿದರೆ ಅದಕ್ಕೆ ದೂರದೃಷ್ಟಿಯೆಂದು ಹೆಸರು. ಈ ನಡುವೆ ವಿಶ್ವಬ್ಯಾಂಕಿನ ಲೆಕ್ಕದಲ್ಲಿ 2014ರಲ್ಲಿ ಶೇ 15ರ ಆಸುಪಾಸಿನಲ್ಲಿದ್ದ ಪಾಲು ಶೇ 13ರ ಹತ್ತಿರಕ್ಕೆ ಇಳಿದಿದೆ.

‘ಮೇಕ್ ಇನ್ ಇಂಡಿಯಾ’ದ ಲಾಂಛನವಾದ, ಮೈತುಂಬ ಹಲ್ಲುಚಕ್ರಗಳಿರುವ ಸಿಂಹವನ್ನು ರೂಪಿಸಿದ್ದು, ಅಮೆರಿಕದ ಪೋರ್ಟ್‌ಲ್ಯಾಂಡಿನಲ್ಲಿ ಕೇಂದ್ರ ಕಚೇರಿಯಿರುವ ಜಾಹೀರಾತು ಸಂಸ್ಥೆಯೊಂದರ ಭಾರತದ ಶಾಖೆ. ಇದರಲ್ಲಿ ತಪ್ಪೇನಿಲ್ಲ, ಹೊರಗಿನ ಬಿಡಿಭಾಗ, ಒಳಗಿನ ಜೋಡಣೆ ಎಂಬ ಸೂತ್ರವನ್ನು ಸಿಂಹ ಆರಂಭದಲ್ಲೇ ಪಾಲಿಸಿತು, ಅಷ್ಟೆ. ಮೊಬೈಲ್ ಫೋನುಗಳು ಇಲ್ಲಿ ತಯಾರಾಗಿ ರಫ್ತಾಗುತ್ತಿರುವುದು ನಿಜವಾದ ಸಾಧನೆಯೇ, ಒಪ್ಪೋಣ. ಆದರೆ ಅವುಗಳ ಹೊಟ್ಟೆಯೊಳಗಿನ ಬಹುಪಾಲು ಎಲ್ಲಿಂದ ಬರುತ್ತದೆಂಬುದಕ್ಕೆ, 2024–25ರಲ್ಲಿ 99 ಶತಕೋಟಿ ಡಾಲರು ದಾಟಿದ ಚೀನಾದೊಂದಿಗಿನ ವ್ಯಾಪಾರ ಕೊರತೆಯೂ ಸುಳಿವು ಕೊಡುತ್ತದೆ. ಉತ್ಪಾದನೆ ಆಧಾರಿತ ಪ್ರೋತ್ಸಾಹಧನಕ್ಕೆ 14 ವಲಯಗಳಲ್ಲಿ ಸುಮಾರು 1.97 ಲಕ್ಷ ಕೋಟಿ ರೂಪಾಯಿ ಘೋಷಣೆಯಾಯಿತು. 2025ರ ಮಾರ್ಚ್‌ವರೆಗೆ ಕೈಸೇರಿದ್ದು ಸುಮಾರು 21,500 ಕೋಟಿ. ಘೋಷಣೆಗೂ ಪ್ರೋತ್ಸಾಹಧನವಿದ್ದಿದ್ದರೆ ಅಷ್ಟೂ ಹಣ ಮೊದಲ ವರ್ಷವೇ ಖರ್ಚಾಗುತ್ತಿತ್ತು.

ಯಾವ ಲಾಂಛನವೂ ಇಲ್ಲದೆ ಅಪ್ಪಟ ದೇಶೀ ತಯಾರಿಕೆ ನಡೆಸಿಕೊಂಡು ಬಂದವರು ಹುಬ್ಬಳ್ಳಿಯ ಬೆಂಗೇರಿಯಲ್ಲಿದ್ದಾರೆ. ಹತ್ತಿ, ನೂಲು, ಮಗ್ಗ, ಹೊಲಿಗೆ, ಎಲ್ಲದರಲ್ಲೂ ಮಾನಕಗಳನ್ನು ಕಟ್ಟುನಿಟ್ಟಾಗಿ ಪಾಲಿಸಿ ಖಾದಿಯ ರಾಷ್ಟ್ರಧ್ವಜ ಸಿದ್ಧಪಡಿಸುವ ಈ ಕೇಂದ್ರದಲ್ಲಿ ದುಡಿಯುವವರು ಹೆಚ್ಚಾಗಿ ಮಹಿಳೆಯರು. ಮನೆಮನೆಯಲ್ಲೂ ತ್ರಿವರ್ಣ ಹಾರಬೇಕೆಂದು ಕರೆ ಹೊರಡುವ ಮುನ್ನ, 2021ರ ಡಿಸೆಂಬರ್ 30ರಂದು, ಧ್ವಜ ಸಂಹಿತೆ ತಿದ್ದುಪಡಿಯಾಗಿ ಯಂತ್ರದ ಪಾಲಿಯೆಸ್ಟರ್ ಬಾವುಟಕ್ಕೂ ಅನುಮತಿ ದೊರೆಯಿತು. ಸ್ವದೇಶಿಯ ಹಬ್ಬದಲ್ಲಿ ಚರಕಕ್ಕೆ ವಿಶ್ರಾಂತಿ ಕೊಟ್ಟ ಈ ಔದಾರ್ಯವನ್ನು ಬೆಂಗೇರಿಯವರು ಮರೆಯಲಾರರು.

ಹಿಂದೆ ನಮ್ಮೂರುಗಳಲ್ಲಿ ರಾತ್ರಿ ಬಂದು ಬಾಗಿಲು ಬಡಿಯುವ ದೆವ್ವವನ್ನು ಸಾಗಹಾಕಲು ಜನ ಬಾಗಿಲ ಮೇಲೆ ‘ನಾಳೆ ಬಾ’ ಎಂದು ಬರೆಯುತ್ತಿದ್ದರು. ಅಕ್ಷರ ಬಲ್ಲ ದೆವ್ವ ಅದನ್ನೋದಿ ವಿಧೇಯವಾಗಿ ಹಿಂದಿರುಗುತ್ತಿತ್ತಂತೆ. ಶೇ 25 ಕೂಡ 2022ರಲ್ಲಿ ಬಂದು ಬಾಗಿಲು ನೋಡಿ ಹೋಗಿರಬೇಕು, 2025ರಲ್ಲೂ ಬಂದಿರಬೇಕು. 2035ರಲ್ಲಿ ಮತ್ತೆ ಬಂದಾಗ ಬರೆಯಲು ಒಂದಿಷ್ಟು ಸುಣ್ಣದ ಕಡ್ಡಿಗಳನ್ನು ಈಗಲೇ ಕೂಡಿಡುವುದೊಳಿತು. ಕನ್ನಡದಲ್ಲಿ ಅದರ ಹೆಸರು ಮಾತ್ರ ಇನ್ನೂ ಸೀಮೆಸುಣ್ಣ.