ಒಂದು ಜಿಬಿಯ ಕಿಂಡಿಯಲ್ಲಿ ಒನಕೆ ಹಿಡಿದವಳು

ಚಿತ್ರದುರ್ಗದವರಿಗೆ ಕಿಂಡಿಯ ಬೆಲೆ ಯಾರೂ ಹೇಳಿಕೊಡಬೇಕಾಗಿಲ್ಲ. ನನ್ನ ಮನೆಯಲ್ಲೂ ಒಂದು ಕಿಂಡಿಯಿದೆ. ಆಟಂ ಎನ್270 ಪ್ರೊಸೆಸರ್, 1 ಜಿಬಿ ರ‍್ಯಾಮ್, 32 ಬಿಟ್‌ನ ನೆಟ್‌ಬುಕ್. ಅಂದರೆ ಹಳೆಯ ಪುಟಾಣಿ ಲ್ಯಾಪ್‌ಟಾಪ್. ‘ಎ’ ಕೀಲಿಯ ಅಕ್ಷರ ಸವೆದು ಬೋಳಾಗಿದೆ. ಬ್ಯಾಟರಿ ಸತ್ತು ಎಷ್ಟೋ ವರ್ಷಗಳಾದವು. ಕರೆಂಟ್ ಹೋದರೆ ಯಂತ್ರವೂ ಹೋಗುತ್ತದೆ.

‘ಗುಜರಿಗೆ ಹಾಕಿ ಸ್ವಾಮಿ’ ಎಂದರು ಕಂಪ್ಯೂಟರ್ ಅಂಗಡಿಯವರು. ಏಳು ಸುತ್ತಿನ ಕೋಟೆಯ ಬುಡದಲ್ಲಿ ಅಂಗಡಿ ಇಟ್ಟುಕೊಂಡು ಹಳೆಯದೆಂದರೆ ಮೂಗು ಮುರಿಯುವ ಧೈರ್ಯವನ್ನು ಮೆಚ್ಚಬೇಕು.

ನಾನು ಪೆನ್‌ಡ್ರೈವ್‌ನಿಂದ ಆಂಟಿಎಕ್ಸ್ ಲಿನಕ್ಸ್ ಎಂಬ, ಹಳೆಯ ಯಂತ್ರಗಳಿಗೂ ಒಗ್ಗುವ ಹಗುರ ಆಪರೇಟಿಂಗ್ ಸಿಸ್ಟಂ ಹಾಕಿಕೊಂಡೆ. ಪೂರ್ತಿ ಎದ್ದು ಕುಳಿತ ಮೇಲೂ ಅದು ತಿಂದ ಮೆಮೊರಿ 200 ಎಂಬಿಯ ಆಸುಪಾಸು. ಮೇಲೆ ಝಡ್‌ರ‍್ಯಾಮ್ ಬೇರೆ: ಹತ್ತಿಯನ್ನು ಒತ್ತಿ ಬೇಲು ಕಟ್ಟುವ ಹಾಗೆ ಮೆಮೊರಿಯಲ್ಲಿರುವುದನ್ನು ಮೆಮೊರಿಯಲ್ಲೇ ಹಿಂಡಿ ಇಡುತ್ತದೆ. 1991ರಲ್ಲಿ ಲಿನಸ್ ಟೋರ್ವಾಲ್ಡ್ಸ್ ಲಿನಕ್ಸ್ ಬರೆದ, 386 ಪ್ರೊಸೆಸರಿನ ಯಂತ್ರದಲ್ಲಿದ್ದದ್ದು 4 ಎಂಬಿ. ನನ್ನದು ಅದರ 256 ಪಟ್ಟು. ಆ ಲೆಕ್ಕದಲ್ಲಿ ನಾನು ಜಮೀನ್ದಾರ. (ಲಿನಕ್ಸ್ 2013ರಲ್ಲಿ ಆ 386ನ್ನೇ ಕೈಬಿಟ್ಟಿತು. ತೊಟ್ಟಿಲು ತೂಗಿದ ಮನೆಯನ್ನು ಮರೆಯುವುದರಲ್ಲಿ ಮನುಷ್ಯರೇನೂ ಒಂಟಿಯಲ್ಲ.)

ಈ ಕಿಂಡಿಯ ಬಳಿ ಒಬ್ಬಳು ಕಾವಲಿದ್ದಾಳೆ. ಕರ್ನಲ್‌ನವರು (ಲಿನಕ್ಸಿನ ತಿರುಳನ್ನು ಬರೆಯುವವರು) ಅವಳನ್ನು ಓಓಎಂ, ಅಂದರೆ ‘ಔಟ್ ಆಫ್ ಮೆಮೊರಿ’, ಕಿಲ್ಲರ್ ಎನ್ನುತ್ತಾರೆ. ನಮ್ಮೂರಿನವನಾದ ನಾನು ಓಬವ್ವ ಎನ್ನುತ್ತೇನೆ. ಮೆಮೊರಿ ಮುಗಿಯಿತೆಂದರೆ ಯಾವ ಪ್ರೋಗ್ರಾಮು ಹೆಚ್ಚು ತಿಂದಿದೆಯೆಂದು ಅಂಕ ಹಾಕಿ, ಎಲ್ಲಕ್ಕಿಂತ ಹೆಚ್ಚು ಅಂಕದವನ ತಲೆಗೆ ಒನಕೆ ಬೀಸುತ್ತಾಳೆ. ಹೈದರಾಲಿಯ ಸೈನಿಕರು ತಲೆ ತಗ್ಗಿಸಿ ಒಬ್ಬೊಬ್ಬರಾಗಿಯಾದರೂ ನುಸುಳಿದರು. ಬ್ರೌಸರ್ ಹಾಗಲ್ಲ, ಆನೆಯೇರಿ ಬ್ಯಾಂಡು ಬಾರಿಸಿಕೊಂಡು ಬರುತ್ತದೆ.

ಮೊನ್ನೆ ಮನೆ ಕಂದಾಯದ ಬಾಕಿ ಎಷ್ಟೆಂದು ನೋಡಲು ಒಂದು ಕಚೇರಿಯ ಜಾಲತಾಣ ತೆರೆದೆ. ನನಗೆ ಬೇಕಿದ್ದದ್ದು ನಾಲ್ಕಂಕಿಯ ಒಂದು ಸಂಖ್ಯೆ, ಅಂದರೆ ನಾಲ್ಕು ಬೈಟ್. ಮೊದಲು ಗಣ್ಯರ ನಗುಮುಖಗಳು ಮೂರು ಸೆಕೆಂಡಿಗೊಮ್ಮೆ ಮಗ್ಗುಲು ಬದಲಿಸಿದವು. ಕೆಳಗೆ ಓಡುವ ಸಾಲು. ಅದರ ಮೇಲೆ ಎಂದೋ ಮುಗಿದ ಹಬ್ಬದ ಶುಭಾಶಯ, ಪಟಾಕಿ ಸಮೇತ. ಮೂಲೆಯಲ್ಲಿ ‘ನಾನು ನಿಮಗೆ ಹೇಗೆ ನೆರವಾಗಲಿ?’ ಎಂದು ಕೈ ಬೀಸುವ ಬೊಂಬೆ. ಫ್ಯಾನು ಬುಸುಗುಟ್ಟಿತು, ಹಾರ್ಡ್‌ಡಿಸ್ಕ್ ಕಟಕಟ ಎಂದಿತು, ಮೌಸಿನ ಬಾಣ ಬೊಂಬೆಯ ಮೂಗಿನ ಮೇಲೆಯೇ ನಿಂತುಬಿಟ್ಟಿತು. ಒನಕೆ ಬಿತ್ತು. ಬ್ರೌಸರ್ ಇಲ್ಲ, ಬೊಂಬೆಯೂ ಇಲ್ಲ.

ಬರಿಯ ಅಕ್ಷರ ತೋರಿಸುವ ಬ್ರೌಸರಿನಲ್ಲಿ ಹೋದೆ. ಖಾಲಿ ಪುಟದಲ್ಲಿ ಒಂದೇ ಸಾಲು: ಜಾವಾಸ್ಕ್ರಿಪ್ಟ್ ಚಾಲೂ ಮಾಡಿ. ಕೊನೆಗೆ ರಾತ್ರಿ ಹನ್ನೊಂದಕ್ಕೆ ಉಳಿದೆಲ್ಲ ಮುಚ್ಚಿ, ಚಿತ್ರಗಳನ್ನು ತಡೆದು ಮತ್ತೆ ಹೋದೆ. ಚಿತ್ರ ತಡೆದವನಿಗೆ ಚಿತ್ರದಲ್ಲಿರುವ ಅಕ್ಷರಗಳನ್ನು ಓದಿ ಬರೆಯಿರಿ ಎಂದಿತು. ಅದನ್ನೂ ಮಾಡಿದೆ. ‘ಸರ್ವರ್ ಬ್ಯುಸಿ ಇದೆ, ಸ್ವಲ್ಪ ಸಮಯದ ನಂತರ ಪ್ರಯತ್ನಿಸಿ.’

ಬೆಳಿಗ್ಗೆ ಕಚೇರಿಗೇ ನಡೆದೆ. ಗುಮಾಸ್ತರ ಮೇಜಿನ ಮೇಲೆ ಹೊಚ್ಚಹೊಸ ಕಂಪ್ಯೂಟರ್. ಪರದೆಯಲ್ಲಿ ಅದೇ ನಗುಮುಖಗಳು, ನಡುವೆ ಗಿರಗಿರನೆ ತಿರುಗುವ ಚಕ್ರ. ‘ಸ್ವಲ್ಪ ತಡೆಯಿರಿ. ರ‍್ಯಾಮ್ ಸಾಲದಂತೆ, ಹೆಚ್ಚಿಸಲು ಮೇಲಕ್ಕೆ ಬರೆದಿದ್ದೇವೆ’ ಎಂದರು. ಚಕ್ರ ನಿಲ್ಲಲಿಲ್ಲ. ಅವರು ಒಂದು ಕೈಯಲ್ಲಿ ಮಾನಿಟರನ್ನು ಎತ್ತಿ ಹಿಡಿದು, ಎತ್ತರಕ್ಕೆಂದು ಅದರ ಕೆಳಗೆ ಇಟ್ಟಿದ್ದ ದಪ್ಪ ಲೆಡ್ಜರನ್ನು ಇನ್ನೊಂದು ಕೈಯಿಂದ ಎಳೆದುಕೊಂಡರು. ಬೆರಳಿಗೆ ಎಂಜಲು ಹಚ್ಚಿ ನಾಲ್ಕು ಹಾಳೆ ತಿರುವಿ, ಬಾಕಿ ಎಷ್ಟೆಂದು ಓದಿ ಹೇಳಿದರು.