ಬರೀ ಒಂದು ವೈರು

ನಮ್ಮ ಮನೆಗೆ ಡ್ಯಾಕ್ ಬಂದ ದಿನ ಅಮ್ಮ ಕೇಳಿದ ಮೊದಲ ಪ್ರಶ್ನೆ, "ಡಾಕುನಾ? ಹಿಂದಿ ಸಿನಿಮಾದಲ್ಲಿ ಕುದುರೆ ಮೇಲೆ ಬರ್ತಾರಲ್ಲ, ಅವರೇನೋ?"

"ಅಲ್ಲಮ್ಮ, ಇದು ಹಾಡು ಕೇಳೋ ಡಬ್ಬಿ."

"ಎಷ್ಟು ಕೊಟ್ಟೆ?"

"ಸೆಕೆಂಡ್ ಹ್ಯಾಂಡು. ಆರೂವರೆ ಸಾವಿರ."

"ಹಾಗಾದ್ರೆ ನಾನು ಹೇಳಿದ್ದೇ ಸರಿ" ಅಂದು ಅಮ್ಮ ಹೂ ಕಟ್ಟುವುದಕ್ಕೆ ಕೂತರು.

ಅಮ್ಮನಿಗೆ ಆಮೇಲೆ ನಾನು ಕೊಟ್ಟ ವಿವರಣೆ ಇದು. ಈಗಿನ ಹಾಡೆಲ್ಲ ಬರೀ ಅಂಕಿ. ಸಿ.ಡಿ. ಗುಣಮಟ್ಟದ ಹಾಡಾದರೆ ಒಂದು ಸೆಕೆಂಡಿಗೆ 44,100 ಸಲ ಬರೆದಿಟ್ಟ ಲೆಕ್ಕ, ಅದೂ ಎಡಕ್ಕೆ ಬೇರೆ, ಬಲಕ್ಕೆ ಬೇರೆ. ಆ ಕಡತವನ್ನು ಓದಿ, ಹಾಡಾಗಿ ಹೇಳುವ ಶಾನುಭೋಗನೇ ಡ್ಯಾಕ್. ಫೋನಿನಲ್ಲೂ ಟಿ.ವಿ.ಯಲ್ಲೂ ಒಬ್ಬೊಬ್ಬ ಸಣ್ಣ ಶಾನುಭೋಗ ಇರುತ್ತಾನೆ. ನಾನು ತಂದದ್ದು ಕಂಠ ಚೆನ್ನಾಗಿರುವವನನ್ನು. ಹಳೆಯ ಆಂಪ್ಲಿಫೈಯರ್ ಇತ್ತು, ಮರದ ಸ್ಪೀಕರ್ ಎರಡಿದ್ದವು. ಇನ್ನು ಇಂಟರ್‌ನೆಟ್ಟಿನಲ್ಲಿರುವ ಹಾಡನ್ನು ಈ ಶಾನುಭೋಗನ ಕೈಗೆ ತಲುಪಿಸಿದರೆ ಮುಗಿಯಿತು.

"ಇದಕ್ಕೆ ಇನ್ನೇನಾದ್ರೂ ತರಬೇಕೇನ್ರೀ?" ಹೆಂಡತಿ ಕೇಳಿದಳು.

"ಏನಿಲ್ಲ, ಬರೀ ಒಂದು ವೈರು. ಸಾವಿರ ರೂಪಾಯಿ ಒಳಗೇ ಮುಗಿಯುತ್ತೆ."

ಅವಳು ಏನೂ ಹೇಳಲಿಲ್ಲ. ಹಾಲಿನ ಲೆಕ್ಕ ಬರೆಯುವ ಕ್ಯಾಲೆಂಡರಿನ ಅಂಚಿನಲ್ಲಿ "ವೈರು – 1000" ಅಂತ ಬರೆದು ಒಂದು ಗೆರೆ ಎಳೆದಳು.

ಡ್ಯಾಕಿನ ಬೆನ್ನಲ್ಲಿ ಮೂರು ತೂತು. ಒಂದು ಯು.ಎಸ್.ಬಿ., ಒಂದು ಆಪ್ಟಿಕಲ್ (ಬೆಳಕಿನ ವೈರಿಗೆ), ಒಂದು ಕೋಆಕ್ಸಿಯಲ್ (ಮಾಮೂಲಿ ತಾಮ್ರದ ವೈರಿಗೆ). ಯು.ಎಸ್.ಬಿ. ಅಂದರೆ ಫೋನಿನದಲ್ಲ, ಆ ಚೌಕದ ತೂತು. ನೋಡಿದ ಕೂಡಲೇ ಎಲ್ಲೋ ಕಂಡ ಮುಖ ಅನ್ನಿಸಿತು. ನಮ್ಮ ಪ್ರಿಂಟರ್! ಮೆಲ್ಲಗೆ ಹೋಗಿ ಪ್ರಿಂಟರಿನ ಕೇಬಲ್ ಕಿತ್ತುಕೊಂಡು ಬಂದು ಲ್ಯಾಪ್‌ಟಾಪಿಗೂ ಡ್ಯಾಕಿಗೂ ಗಂಟು ಹಾಕಿದೆ. ಖರ್ಚು ಸೊನ್ನೆ. ಗಂಗೂಬಾಯಿ ಹಾನಗಲ್ ಅವರ ದನಿ ಹಾಲ್‌ನ ತುಂಬ ತುಂಬಿಕೊಂಡಿತು. ಅದರ ಜೊತೆಗೆ ಗುಂಯ್ ಅನ್ನುವ ಇನ್ನೊಂದು ಶಬ್ದವೂ ಬಂತು.

ಲ್ಯಾಪ್‌ಟಾಪಿನ ಚಾರ್ಜರ್ ಕಿತ್ತರೆ ಆ ಗುಂಯ್ ಹೋಗುತ್ತಿತ್ತು. ಆದರೆ ನಮ್ಮ ಲ್ಯಾಪ್‌ಟಾಪಿನ ಬ್ಯಾಟರಿಗೆ ವಯಸ್ಸಾಗಿದೆ, ವಿಲಂಬಿತ್ ಮುಗಿಯುವಷ್ಟರಲ್ಲಿ ಅದೂ ಮುಗಿಯುತ್ತದೆ. ಹಾಕಿದರೆ ಗುಂಯ್, ತೆಗೆದರೆ ಗಪ್‌ಚುಪ್. ನಾನು ತಲೆ ಮೇಲೆ ಕೈ ಹೊತ್ತು ಕೂತಿದ್ದಾಗ ಅಮ್ಮ ಒಳಗಿನಿಂದ ಬಂದು, "ತಂಬೂರಿ ಎಷ್ಟು ಚೆನ್ನಾಗಿ ಶ್ರುತಿ ಸೇರಿದೆ ನೋಡು" ಅಂದರು. ಎರಡು ದಿನ ತಂಬೂರಿ ಅಂದುಕೊಂಡೇ ಕೇಳಿದೆ. ಆದರೆ ಯಾವ ತಂಬೂರಿಯೂ ಮಧ್ಯೆ ಮಧ್ಯೆ "ಟಿಂಗ್! ನಿಮ್ಮ ಕಂಪ್ಯೂಟರ್ ರೀಸ್ಟಾರ್ಟ್ ಮಾಡಬೇಕಿದೆ" ಅನ್ನುವುದಿಲ್ಲ. ಮೂರನೆಯ ದಿನ ಹೆಂಡತಿ ಯಾವುದೋ ಅರ್ಜಿ ಪ್ರಿಂಟ್ ಹಾಕಲು ಹೋದಳು. ಪ್ರಿಂಟರ್ ಉಸಿರೇ ಬಿಡಲಿಲ್ಲ. ಅರ್ಧ ಗಂಟೆ ಹೊಡೆದಾಡಿ, ಇಂಕು ಖಾಲಿಯಾಗಿರಬೇಕು ಅಂತ ಹೊಸ ಇಂಕು ತರಿಸಿ ಹಾಕಿ, ಕೊನೆಗೆ ಹಿಂದೆ ಬಗ್ಗಿ ನೋಡಿದಳು. ಆ ಇಂಕಿನ ಲೆಕ್ಕವೂ ನನ್ನ ತಲೆಗೇ ಬರಬೇಕಿತ್ತು. ದೊಡ್ಡ ಮನಸ್ಸು, ಬರೆಯಲಿಲ್ಲ.

ಆಮೇಲೆ ಫೋನು. ಓ.ಟಿ.ಜಿ. ಕನೆಕ್ಟರ್ ಅಂತ ಒಂದು ಸಿಗುತ್ತದೆ, ಹೆಬ್ಬೆರಳಿನ ಉಗುರಿನಷ್ಟಿದೆ, 180 ರೂಪಾಯಿ. ಅದನ್ನು ಚುಚ್ಚಿದರೆ ಫೋನೇ ಡ್ಯಾಕಿಗೆ ಹಾಡು ಕಳಿಸುತ್ತದೆ. ಗುಂಯ್ ಇಲ್ಲ. ಎಲ್ಲ ಸರಿ, ಆದರೆ ಡ್ಯಾಕಿನ ಮುಖದಲ್ಲಿ ಪುಟ್ಟ ಕೆಂಪು ಅಂಕಿ ಬರುತ್ತದಲ್ಲ, ಅಲ್ಲಿ 44.1 (ಆ 44,100ನ್ನೇ ಸಾವಿರದ ಲೆಕ್ಕದಲ್ಲಿ ಬರೆದದ್ದು) ಬರಬೇಕಾದ ಕಡೆ 48 ಬರುತ್ತಿತ್ತು. ಬಹಳಷ್ಟು ಆಂಡ್ರಾಯ್ಡ್ ಫೋನುಗಳು ಏನೇ ಕೊಟ್ಟರೂ ಅದನ್ನು 48 ಮಾಡಿಯೇ ಹೊರಗೆ ಬಿಡುತ್ತವೆ. ಇದು ಕಿವಿಗೆ ಗೊತ್ತಾಗುವಂಥ ವ್ಯತ್ಯಾಸವೇನಲ್ಲ. ನನ್ನ ಕಿವಿಗಂತೂ ಖಂಡಿತ ಅಲ್ಲ, ಕುಕ್ಕರ್ ಎಷ್ಟು ಸಲ ಕೂಗಿತು ಅನ್ನುವುದೇ ಅದಕ್ಕೆ ಲೆಕ್ಕ ಸಿಗುವುದಿಲ್ಲ. ಆದರೆ ಕಣ್ಣಿಗೆ ಬಿತ್ತಲ್ಲ! ಸೆಕೆಂಡಿಗೆ 3,900 ಅಂಕಿಗಳನ್ನು ಯಾರೋ ಸುಮ್ನೆ ಮಧ್ಯೆ ತುರುಕುತ್ತಿದ್ದಾರೆ ಅನ್ನಿಸಿ ನಿದ್ದೆ ಬರಲಿಲ್ಲ. ಅವತ್ತಿನಿಂದ ನಾನು ಹಾಡು ಕೇಳುವುದು ಬಿಟ್ಟೆ. ಹಾಡು ಹಾಕುವುದು, ಅಂಕಿ ನೋಡುವುದು, ತೆಗೆಯುವುದು. ಮಲ್ಲಿಕಾರ್ಜುನ ಮನ್ಸೂರರ ಬಹಾದುರಿ ತೋಡಿಯ ಮೊದಲ ಇಪ್ಪತ್ತು ಸೆಕೆಂಡು ನಾನು ಇನ್ನೂರು ಸಲ ಕೇಳಿರಬಹುದು. ಮುಂದೆ ಏನಾಗುತ್ತದೆ ಅಂತ ಗೊತ್ತಿಲ್ಲ.

ಫೋನಿನ ಸಹವಾಸ ಬಿಡಿಸಿದ್ದು ಮಾತ್ರ ಗ್ಯಾಸ್ ಸಿಲಿಂಡರಿನ ಹುಡುಗ. ಅವನು ಕರೆ ಮಾಡಿದಾಗ ರಿಂಗ್‌ಟೋನು ಆಂಪ್ಲಿಫೈಯರಿನ ಮೂಲಕ, ಎರಡೂ ಸ್ಪೀಕರಿನಲ್ಲಿ ಮೊಳಗಿತು. ಕೆಳಗಿನ ಗೇಟಿನಲ್ಲಿ ನಿಂತಿದ್ದ ಹುಡುಗ, "ಸಾರ್, ಫೋನ್ ಎತ್ತೋದು ಬೇಡ, ಕೇಳಿಸ್ತು" ಅಂತ ಕೂಗಿದ.

ಬ್ಲೂಟೂತ್ ರಿಸೀವರನ್ನೂ ತಂದೆ, 850 ರೂಪಾಯಿ. ಮಾಮೂಲಿ ಬ್ಲೂಟೂತ್ ಹಾಡನ್ನು ಸೆಕೆಂಡಿಗೆ 328 ಕಿಲೋಬಿಟ್‌ಗೆ ಹಿಂಡಿ ಕಳಿಸುತ್ತದೆ. ಸಿ.ಡಿ.ಯದು 1,411. ಮಾವಿನಹಣ್ಣನ್ನು ಮಾಂಬಳ ಮಾಡಿ ಕಳಿಸಿದ ಹಾಗೆ, ರುಚಿ ಇರುತ್ತದೆ, ಹಣ್ಣಲ್ಲ ಅಷ್ಟೇ. ಅದಿರಲಿ, ಆ ರಿಸೀವರು ಮನೆಯಲ್ಲಿ ಯಾರ ಫೋನು ಮೊದಲು ಸಿಕ್ಕಿತೋ ಅದನ್ನು ತಬ್ಬಿಕೊಳ್ಳುತ್ತಿತ್ತು. ಅಮ್ಮನ ಪ್ರವಚನ ನಾಲ್ಕು ದಿನ ಹೈಫೈಯಲ್ಲಿ ನಡೆಯಿತು. ಪ್ರವಚನಕಾರರು ಎಡಗಡೆಯ ಸ್ಪೀಕರಿನ ಪಕ್ಕದಲ್ಲೇ ಕೂತು ಕೆಮ್ಮಿದಂತಿತ್ತು.

ಕ್ಯಾಲೆಂಡರಿನ ಅಂಚಿನಲ್ಲಿ ಗೆರೆ ದಾಟಿತ್ತು. ಹೆಂಡತಿ ಕೆಂಪು ಪೆನ್ನು ಹಿಡಿದಿದ್ದಳು.

ಟಿ.ವಿ.ಯ ಬೆನ್ನಿಗೆ ಆಪ್ಟಿಕಲ್ ತೂತು ಇರುವುದು ಗೊತ್ತಾದ ದಿನ ನನಗೆ ಹಬ್ಬ. ಟಿ.ವಿ.ಯಲ್ಲಿ ಹಾಡಿನ ಆ್ಯಪ್ ಇದೆ, ಬೆಳಕಿನ ವೈರಿನಲ್ಲಿ ಕರೆಂಟ್ ಹರಿಯುವುದಿಲ್ಲ, ಹಾಗಾಗಿ ಗುಂಯ್ ಅನ್ನುವುದಕ್ಕೆ ದಾರಿಯೇ ಇಲ್ಲ. 350 ಕೊಟ್ಟು ಕೇಬಲ್ ತಂದು ಚುಚ್ಚಿದೆ. ಸದ್ದೇ ಇಲ್ಲ. ಸೆಟ್ಟಿಂಗ್ಸ್ ಎಲ್ಲ ಜಾಲಾಡಿದೆ. ಟಿ.ವಿ. ಡಾಲ್ಬಿಯಲ್ಲಿ ಮಾತಾಡುತ್ತಿತ್ತು, ನಮ್ಮ ಡ್ಯಾಕಿಗೆ ಪಿ.ಸಿ.ಎಂ., ಅಂದರೆ ಹಿಂಡದೆ ಇದ್ದ ಹಾಗೇ ಕಳಿಸಿದ ಅಂಕಿ, ಬಿಟ್ಟು ಬೇರೆ ಭಾಷೆ ಬರುವುದಿಲ್ಲ. ಅದನ್ನು ಬದಲಾಯಿಸಿದೆ. ಆಗಲೂ ಸದ್ದಿಲ್ಲ. ಎಸ್.ಪಿ. ರೋಡಿನ ಅಂಗಡಿಗೆ ವಾಪಸ್ ಹೋಗಿ, "ಏನ್ರೀ, ಸತ್ತ ಕೇಬಲ್ ಕೊಟ್ಟಿದ್ದೀರಲ್ಲ" ಅಂತ ದಬಾಯಿಸಿದೆ. ಅಂಗಡಿಯವನು ಕೇಬಲಿನ ತುದಿಯನ್ನು ಎರಡು ಬೆರಳಲ್ಲಿ ಹಿಡಿದು, ಅವರೆಕಾಳು ಇದಕುವ ಹಾಗೆ ಇದಕಿದ. ಪುಳಕ್ ಅಂತ ಒಂದು ಪ್ಲಾಸ್ಟಿಕ್ ಟೋಪಿ ಈಚೆ ಬಂತು. ಇನ್ನೊಂದು ತುದಿಯಲ್ಲೂ ಇನ್ನೊಂದು ಟೋಪಿ. "ಬೆಳಕು ಹೋಗ್ಬೇಕಲ್ವಾ ಸಾರ್" ಅಂದ. ಬೈಯಲಿಲ್ಲ ಪುಣ್ಯಾತ್ಮ. ಆ ಎರಡು ಟೋಪಿಗಳನ್ನೂ ಜೋಪಾನವಾಗಿ ಕಾಗದದಲ್ಲಿ ಕಟ್ಟಿಕೊಟ್ಟ, ಅದೇ ಜಾಸ್ತಿ ನೋವಾಯಿತು.

ಆದರೆ ನಮ್ಮ ಟಿ.ವಿ.ಯದೂ ಅದೇ 48. ಮೇಲಾಗಿ, ಹಾಡು ಕೇಳಬೇಕಾದರೆ ಟಿ.ವಿ. ಉರಿಯುತ್ತಿರಬೇಕು. ಟಿ.ವಿ. ಉರಿಯುತ್ತಿದ್ದರೆ ನಮ್ಮ ಮನೆಯಲ್ಲಿ ಅದು ಧಾರಾವಾಹಿಯ ಸ್ವತ್ತು.

ಒಂದೇ ಒಂದು ಪ್ರಯೋಗ ಮಾತ್ರ ಪುಕ್ಕಟೆಯಾಗಿ ಗೆದ್ದಿತು. ಅಟ್ಟದ ಮೇಲಿದ್ದ ಡಿ.ವಿ.ಡಿ. ಪ್ಲೇಯರಿನ ಕೆಂಪು-ಬಿಳಿ-ಹಳದಿ ವೈರು ನೆನಪಿದೆಯಾ? ಅದರ ಹಳದಿ, ಚಿತ್ರ ಕಳಿಸುವ ವೈರು, 75 ಓಮ್‌ನದು. ಕೋಆಕ್ಸಿಯಲ್‌ಗೆ ಬೇಕಾದದ್ದೂ ಅದೇ. ಪ್ಲೇಯರಿನಿಂದ ಡ್ಯಾಕಿಗೆ ಆ ಹಳದಿ ವೈರು ಎಳೆದು ಹಳೆಯ ಸಿ.ಡಿ. ಹಾಕಿದೆ. 44.1! ಕುಣಿದುಬಿಟ್ಟೆ. ಕುಣಿತ ಮುಗಿದ ಮೇಲೆ ನೆನಪಾಯಿತು, ಡಿ.ವಿ.ಡಿ. ಪ್ಲೇಯರಿಗೆ ಇಂಟರ್‌ನೆಟ್ ಗೊತ್ತಿಲ್ಲ.

ಆಫೀಸಿನ ಹುಡುಗನೊಬ್ಬ, "ಸಾರ್, ಸ್ಟ್ರೀಮರ್ ಅಂತ ರೆಡಿ ಡಬ್ಬಿ ಬರುತ್ತೆ, ಇಂಟರ್‌ನೆಟ್ಟಿನ ಹಾಡನ್ನ ತಾನೇ ಎಳೆದು ಡ್ಯಾಕಿಗೆ ಕೊಡುತ್ತೆ, ಅಂಗೈ ಅಗಲ, ಆಪ್ಟಿಕಲ್ ಇರುತ್ತೆ, ಐದು ನಿಮಿಷದ ಕೆಲಸ" ಅಂದ. ಕ್ರೋಮ್‌ಕಾಸ್ಟ್ ಆಡಿಯೋ ಅಂತ ಒಂದಿತ್ತು, 35 ಡಾಲರಿನದು, ಒಂದೇ ತೂತಿನಲ್ಲಿ ಸದ್ದೂ ಬೆಳಕೂ ಎರಡೂ ಬರುತ್ತಿದ್ದವು. ನನಗೆ ಬುದ್ಧಿ ಬರುವಷ್ಟರಲ್ಲಿ, 2019ರಲ್ಲೇ, ಅದನ್ನು ನಿಲ್ಲಿಸಿದ್ದರು. ಹೊಸ ಡಬ್ಬಿಯ ಬೆಲೆ ನೋಡಿದೆ. ಕ್ಯಾಲೆಂಡರ್ ನೋಡಿದೆ. "ಬೇಡಪ್ಪ, ರಾಸ್ಪ್‌ಬೆರಿ ಪೈ ಹಾಕ್ತೀನಿ" ಅಂದೆ.

ಪೈ ಅಂದರೆ ಇಸ್ಪೀಟ್ ಕಟ್ಟಿನಷ್ಟಗಲದ ಕಂಪ್ಯೂಟರ್. ಹಳೆಯದೊಂದು 1,800ಕ್ಕೆ ಸಿಕ್ಕಿತು. ಇದಕ್ಕೆ ಮೂಡ್, ವೊಲುಮಿಯೋ ಅಂತೆಲ್ಲ ಹಾಡಿನ ತಂತ್ರಾಂಶ ಪುಕ್ಕಟೆ ಸಿಗುತ್ತದೆ, ಒಂದು ಎಸ್.ಡಿ. ಕಾರ್ಡಿಗೆ ತುಂಬಿದರೆ ಸಾಕು. ತುಂಬಿದೆ, ಪ್ರಿಂಟರ್ ಕೇಬಲನ್ನು ಮತ್ತೆ ಕಿತ್ತೆ (ಆ ಕೇಬಲಿಗೆ ಈಗ ಎರಡು ಸಂಸಾರ), ಜೋಡಿಸಿದೆ. ಹಾಡು ಬಂತು, ಮಧ್ಯೆ ಮಧ್ಯೆ ಒಗ್ಗರಣೆ ಸಿಡಿದ ಹಾಗೆ ಚಟಪಟ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಅಂತಾರಲ್ಲ, ನಾನು ಕಾರ್ಡ್ ಬದಲಾಯಿಸಿದೆ, ತಂತ್ರಾಂಶ ಬದಲಾಯಿಸಿದೆ, ವೈಫೈ ಡಬ್ಬಿಯನ್ನು ದೇವರಮನೆಯ ಗೋಡೆಗೆ ಸಾಗಿಸಿದೆ. ತಪ್ಪಿದ್ದದ್ದು ಚಾರ್ಜರಿನಲ್ಲಿ. ನನ್ನ ಪೈ ಕೇಳುವುದು ಎರಡೂವರೆ ಆಂಪಿಯರ್, ನಾನು ಹಾಕಿದ್ದು ಹಳೆಯ ಫೋನಿನ ಒಂದು ಆಂಪಿಯರ್ ಚಾರ್ಜರ್. ಅರೆಹೊಟ್ಟೆಯಲ್ಲಿ ಯಾರು ತಾನೇ ಹಾಡುತ್ತಾರೆ? 700 ಕೊಟ್ಟು ಸರಿಯಾದ ಚಾರ್ಜರ್ ತಂದೆ. ಅವತ್ತು ಸಂಜೆ ಮಳೆ ಬಂತು, ಕರೆಂಟ್ ಹೋಯಿತು, ಕಾರ್ಡ್ ಸತ್ತಿತು. ಏನೋ ಬರೆಯುತ್ತಿರುವಾಗ ಕರೆಂಟ್ ಹೋದರೆ ಕಾರ್ಡು ಹೀಗೆ ಕೆಡುವುದುಂಟಂತೆ. ಇನ್ನೊಂದು ಕಾರ್ಡ್, ಪೈಯನ್ನು ಯು.ಪಿ.ಎಸ್. ಲೈನಿಗೆ ಹಾಕಿದೆ. ಈಗ ಕರೆಂಟ್ ಹೋದರೆ ನಮ್ಮ ಮನೆಯಲ್ಲಿ ಫ್ಯಾನ್ ನಿಲ್ಲುತ್ತದೆ, ಪೈ ನಿಲ್ಲುವುದಿಲ್ಲ.

ಕೊನೆಗೂ ನಡೆಯಿತು. ಸ್ಪಾಟಿಫೈ ಅನ್ನುವ ಹಾಡಿನ ಆ್ಯಪಿನಲ್ಲಿರುವ 'ಕನೆಕ್ಟ್' ಅನ್ನುವುದರ ಚೆಂದ ಏನೆಂದರೆ, ಹಾಡನ್ನು ಪೈಯೇ ನೇರವಾಗಿ ಇಂಟರ್‌ನೆಟ್ಟಿನಿಂದ ಎಳೆದುಕೊಳ್ಳುತ್ತದೆ, ಫೋನು ಬರೀ ರಿಮೋಟು. ಸಿಲಿಂಡರ್ ಹುಡುಗ ಕರೆ ಮಾಡಿದರೂ ಗಂಗೂಬಾಯಿಯವರಿಗೆ ತೊಂದರೆ ಇಲ್ಲ. ಕೆಂಪು ಅಂಕಿ 44.1. ಕ್ಯಾಲೆಂಡರಿನ ಕೆಂಪು ಅಂಕಿ 4,680. ಆ ರೆಡಿ ಡಬ್ಬಿಯ ಬೆಲೆಯ ಕಡೆಗೆ ಬಹುದೂರ ನಡೆದು ಬಂದಿದ್ದೆ.

ದುಡ್ಡು ಉಳಿಸಲು ಇನ್ನೊಂದು ಕೆಲಸ ಮಾಡಿದ್ದೆ. ಮಂಗಳೂರಿನ ಹಾಸ್ಟೆಲಿನಲ್ಲಿರುವ ಮಗಳಿಗೂ ನನಗೂ ಸ್ಪಾಟಿಫೈಯಲ್ಲಿ ಒಂದೇ ಅಕೌಂಟು.

ಮೊನ್ನೆ ರಾತ್ರಿ ಹನ್ನೊಂದೂ ಮುಕ್ಕಾಲು. ಹಾಲ್‌ನಲ್ಲಿ ಯಾರೋ ಹಾಡಲು ಶುರುಮಾಡಿದರು. ಎದ್ದು ಓಡಿದೆ. ಡ್ಯಾಕಿನ ಮುಖದಲ್ಲಿ 44.1 ಉರಿಯುತ್ತಿತ್ತು. ನಿದ್ದೆಗಣ್ಣಲ್ಲೂ ಮೊದಲು ನೋಡಿದ್ದು ಅದನ್ನೇ. ಹಾಡು ಸ್ವಲ್ಪ ಜೋರಾಯಿತು. ಫೋನು ಹುಡುಕುತ್ತಿರುವಾಗ ಇನ್ನೂ ಜೋರಾಯಿತು. ಅಮ್ಮ ಎದ್ದು ಬಂದರು. ಮೇಲಿನ ಮನೆಯ ಲೈಟ್ ಹತ್ತಿತು. ಕಿಟಕಿಯ ಗಾಜು ಅದುರುವಷ್ಟು ಜೋರಾದಾಗ ಮಗಳ ಫೋನು ಬಂತು.

"ಅಪ್ಪಾ, ಇನ್ನೂ ಮಲಗಿಲ್ವಾ? ಹಿಂದುಗಡೆ ಏನದು ಅಷ್ಟು ಸೌಂಡು! ಅಯ್ಯೋ, ಇದೇ ಹಾಡು ನಾನೂ ಹಾಕಿದ್ದೀನಿ, ಎಷ್ಟು ವಾಲ್ಯೂಮ್ ಕೊಟ್ರೂ ಇಲ್ಲಿ ಹೆಡ್‌ಫೋನಲ್ಲಿ ಏನೂ ಬರ್ತಿಲ್ಲ. ಏನಾದ್ರೂ ವೈರ್ ತಗೋಬೇಕೇನಪ್ಪ?"